ಮಾರ್ಲೀನಳ ಗುರುವಾರ

ಫೆಬ್ರವರಿ ೧೨, ಬುಧವಾರ

ಗಾರ್ತ್ ಇವತ್ತು ಮತ್ತೆ ಕರೆಸಿದ. ನಮ್ಮ ಆಂಬ್ಯುಲೆನ್ಸ್ ಕೇಂದ್ರದ ಮುಖ್ಯಸ್ಥ, ಕೆಟ್ಟ ಮನುಷ್ಯನಲ್ಲ. ತುರ್ತು ಕರೆ ತೆಗೆದುಕೊಳ್ಳುವ ಮಾರ್ಲೀನ್ ಪ್ರತಿ ಗುರುವಾರ ಮಧ್ಯಾಹ್ನ ರಜೆ ಕೇಳಿದ್ದಾಳೆ. ಅವನಿಗೆ ಕಾರಣ ಬೇಕು.

“ನಿನ್ನ ಹತ್ರ ಹೇಳಿರ್ತಾಳೆ ಇರ್ಯಾ. ಸಹಾಯ ಮಾಡೋಕೇ ಕೇಳ್ತಿರೋದು.”

ಹೇಳಿದ್ದಳು. ಸರೋವರದ ಮಂಜುಗಡ್ಡೆ ಒಡೆದು ಒಬ್ಬ ಹುಡುಗಿ ಮುಳುಗಿದಾಗ, ಅವಳ ತಾಯಿ ಮಾಡಿದ ಕರೆ ತೆಗೆದುಕೊಂಡವಳು ಮಾರ್ಲೀನ್. ಅಂದಿನಿಂದ ನಿದ್ದೆ ಇಲ್ಲ. ಗುರುವಾರ ಆಪ್ತ ಸಲಹೆಗಾರ್ತಿಯ ಬಳಿ ಹೋಗಬೇಕು.

“ಅವಳು ನಂಬಿ ಹೇಳಿದ್ದು ನನ್ನ ಹತ್ರಾನೇ ಇರಲಿ,” ಎಂದೆ.

“ಫೋನಲ್ಲಿರುವಾಗಲೇ ಕುಸಿದುಬಿಟ್ರೆ? ಆ ಕಡೆ ಒಂದು ಜೀವ ಇರುತ್ತಲ್ಲ?”

ಪ್ರಶ್ನೆ ತಪ್ಪಲ್ಲ. ನನ್ನನ್ನೂ ಅದೇ ಕೊರೆಯುತ್ತಿತ್ತು. ಆದರೆ ಮೊನ್ನೆ ಒಂದು ಕರೆಯ ನಡುವೆ ಅವಳು ಸಹಾಯ ಬೇಕೆಂದು ತಾನಾಗಿಯೇ ಕೈ ಎತ್ತಿದಳು, ನಾನು ಹೋಗಿ ಆ ಕರೆ ತೆಗೆದುಕೊಂಡೆ. ಯಾರಿಗೂ ತೊಂದರೆಯಾಗಲಿಲ್ಲ.

“ಆಗಲ್ಲ ಅನ್ನಿಸಿದಾಗ ಅವಳು ಕೈ ಎತ್ತುತ್ತಾಳೆ ಗಾರ್ತ್. ಕೈ ಎತ್ತದೇ ಇರೋರನ್ನ ಕಂಡ್ರೇ ನಂಗೆ ಭಯ.”

ಅವನು ಗಡ್ಡ ಕೆರೆದುಕೊಂಡ. “ಅವಳ ಕುರ್ಚೀಲಿ ಕೂರೋರು ಯಾರು?”

“ನಾನೇ.”

“ನೀನಾ? ಹೊಸ ಕಂಪ್ಯೂಟರ್ ಕಂಡ್ರೆ ಬೈಕೊಂಡು ಓಡಾಡ್ತೀಯ!” ನಕ್ಕುಬಿಟ್ಟ. ರಜೆ ಸಿಕ್ಕಿತು.

ಊಟದ ಹೊತ್ತಿಗೆ ಮಾರ್ಲೀನ್ ಮೆಲ್ಲಗೆ ಕೇಳಿದಳು, “ಏನು ಹೇಳ್ದೆ ಅವನಿಗೆ?”

“ನಾನು ಕೂತ್ಕೋತೀನಿ ಅಂತ ಹೇಳ್ದೆ, ಅಷ್ಟೇ.”

ಅವಳು ತನ್ನ ಡಬ್ಬಿಯಲ್ಲಿದ್ದ ಪಿರೋಗಿ ಎಂಬ ಆಲೂಗಡ್ಡೆ ಕಡುಬುಗಳಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿ, ಉಳಿದದ್ದನ್ನು ಪೂರ್ತಿ ತಿಂದಳು. ಅವಳು ಹಾಗೆ ತಿಂದದ್ದನ್ನು ನೋಡಿ ಎಷ್ಟು ದಿನವಾಗಿತ್ತು.

ನಾಳೆಯೇ ಗುರುವಾರ, ಸ್ವಲ್ಪ ಅಳುಕಿದೆ. ಆದರೂ ಮನಸ್ಸು ಹಗುರವಾಗಿದೆ, ಕಣ್ಣು ಎಳೆಯುತ್ತಿದೆ, ಇನ್ನು ಮಲಗುತ್ತೇನೆ.