ಗುಳಿಗೆಯ ಗಳಿಗೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ಪ್ರತಿ ಭಾನುವಾರ ತಪ್ಪದೆ ಬರೆಯುವವನು ಮೂರು ಭಾನುವಾರ ನುಂಗಿಬಿಟ್ಟೆ. ಮೊದಲನೆಯದಕ್ಕೆ ಸೋಮಾರಿತನ ಕಾರಣ, ಉಳಿದೆರಡಕ್ಕೆ ಹೆದರಿಕೆ. ಸೋಮಾರಿತನಕ್ಕೆ ಕ್ಷಮೆ ಇರಲಿ. ಹೆದರಿಕೆಯನ್ನು ಈ ಪತ್ರ ಮುಗಿಯುವುದರೊಳಗೆ ಹೇಗಾದರೂ ದಾಟಬೇಕು. ‘ನಾನಿಲ್ಲಿ ಕ್ಷೇಮ’ ಎಂಬ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ.

ನಿನ್ನ ಎರಡೂ ಪತ್ರದಲ್ಲಿ ಒಂದೇ ಪ್ರಶ್ನೆ: “ನನ್ನದು ಹೇಗಿದೆಯೋ?” ಬೇರೆ ಅಕ್ಕಂದಿರು ತಮ್ಮನಿಗೆ ಹೆಣೆದುಕೊಟ್ಟ ಸ್ವೆಟರನ್ನು ವಿಚಾರಿಸಿಕೊಳ್ಳುತ್ತಾರೆ, ನೀನು ಕೊಟ್ಟ ಕಿಡ್ನಿಯನ್ನು ಆರು ವರ್ಷದಿಂದ ವಿಚಾರಿಸಿಕೊಳ್ಳುತ್ತಿದ್ದೀಯ. ಹೇಳಿಬಿಡುತ್ತೇನೆ. ಅದು ಸರಿಯಾಗಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಒಂದೂಕಾಲರ ಆಸುಪಾಸಿನಲ್ಲಿರುತ್ತಿದ್ದದ್ದು ಎರಡೂವರೆ ದಾಟಿದೆ. ಸೂಜಿ ಹಾಕಿ ಚೂರು ತೆಗೆದು ನೋಡಿದರು. ಇಷ್ಟು ದಿನ ಸುಮ್ಮನಿದ್ದ ನನ್ನ ಮೈ, ‘ಇದ್ಯಾರು ಹೊರಗಿನವರು’ ಎಂದು ಅದರ ಮೇಲೆ ಜಗಳಕ್ಕೆ ನಿಂತಿದೆಯಂತೆ.

“ಇನ್ನೂ ಕೈ ಮೀರಿಲ್ಲ” ಎಂದರು ಡಾಕ್ಟರಮ್ಮ. “ಆದ್ರೆ ಕಾರಣ ಗೊತ್ತಾಗ್ಬೇಕು. ಬುಧವಾರದ ರಕ್ತದಲ್ಲಿ ಔಷಧದ ಮಟ್ಟ ಸರಿಯಾಗೇ ಇದೆ. ಮಾತ್ರೆ ಯಾವತ್ತಾದ್ರೂ ತಪ್ಪಿಸಿದ್ರಾ?”

“ಇಲ್ಲ.”

“ನಿಜ ಹೇಳಿ, ನನ್ನ ಕೈಯಲ್ಲೇನೂ ಬೆತ್ತ ಇಲ್ಲ.”

“ಮಾತ್ರೆ ಜೊತೆ ಬರೋ ಚೀಟಿನ ಕನ್ನಡದಲ್ಲಿ ಬರೆಯೋನೇ ನಾನು, ಮೇಡಂ.”

ಅವರು ನಕ್ಕರು. “ಹಾಗಾದ್ರೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು ಬಿಡಿ. ಈ ಔಷಧ ನಿಮ್ಮ ಮೈಗೆ ಒಗ್ತಿಲ್ಲ ಅನ್ಸುತ್ತೆ. ಮಂಗಳವಾರ ಬನ್ನಿ, ಬದಲಾಯಿಸೋಣ.”

ತಮಾಷೆಯೆಂದರೆ, ಈ ತಿಂಗಳು ಕಚೇರಿಯಲ್ಲಿ ನನ್ನ ಮೇಜಿಗೆ ಬಂದಿರುವುದೂ ಇದೇ ಔಷಧ, ಐದು ವೇಷದಲ್ಲಿ. ಕಸಿ ಮಾಡಿಸಿಕೊಂಡವರಿಗೆ ದಿನಕ್ಕೆರಡು ಸಲದ ಕ್ಯಾಪ್ಸೂಲು, ಮರೆಗುಳಿಗಳಿಗೆ ನಿಧಾನಕ್ಕೆ ಕರಗುವ, ದಿನಕ್ಕೊಂದೇ ಸಲದ್ದು, ನುಂಗಲಾರದವರಿಗೆ ರಕ್ತನಾಳಕ್ಕೆ ಹನಿಸುವ ದ್ರವ, ಇಸುಬಿಗೆ ಮುಲಾಮು, ಅಲರ್ಜಿಯಿಂದ ಕೆಂಪಾಗಿ ಉರಿಯುವ ಕಣ್ಣಿಗೆ ಹನಿ. ಹೊಟ್ಟೆಗೆ ಹೋದರೆ ಮೈಯ ಕಾವಲುಗಾರರನ್ನೆಲ್ಲ ಮಂಕಾಗಿಸುತ್ತದೆ. ಚರ್ಮಕ್ಕೆ ಹಚ್ಚಿದರೆ ಆ ಬೀದಿಯವನನ್ನು ಮಾತ್ರ ಗದರಿಸಿ ಕೂರಿಸುತ್ತದೆ. ನಾನು “ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ” ಎಂದು ಬರೆದೆ. ನಮ್ಮ ಮೇಲಧಿಕಾರಿ ಗೊತ್ತಲ್ಲ, ಎರಡು ಪದಕ್ಕೊಮ್ಮೆ ನಿಲ್ಲುತ್ತಾರೆಂದು ನಾವು ಅಲ್ಪವಿರಾಮ ಎಂದು ಕರೆಯುವವರು, ಚೀಟಿ ಹಿಡಿದು ಬಂದರು.

“ಯಾರ್ರೀ, ದುಡ್ಡು ಕೊಟ್ಟು, ಶಕ್ತಿ ಕಳ್ಕೋತಾರೆ?”

“ನಾನು ಕಳ್ಕೋತಿದೀನಲ್ಲ ಸಾರ್, ದಿನಕ್ಕೆರಡು ಸಲ.”

ಪಾಪ, ಅವರಿಗೆ ಅಲ್ಪವಿರಾಮದ ಬದಲು ಪೂರ್ಣವಿರಾಮವೇ ಬಿತ್ತು. ಆದರೆ ಸೇಡು ತೀರಿಸಿಕೊಂಡರು. ಮುಲಾಮನ್ನು ತೆಳ್ಳಗೆ ಸವರಬೇಕು, ಮೇಲೆ ಬಿಗಿಯಾಗಿ ಪಟ್ಟಿ ಕಟ್ಟಬಾರದು ಎನ್ನುವುದಕ್ಕೆ ನಾನು “ಹಚ್ಚಿರಿ, ಮುಚ್ಚದಿರಿ” ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ “ಇದು, ಔಷಧದ ಚೀಟೀನೋ, ಮಕ್ಕಳ ಪದ್ಯಾನೋ?” ಎಂದರು. “ಗುಳಿಗೆಯ ಗಳಿಗೆ ತಪ್ಪದಿರಲಿ” ಎಂಬುದೊಂದು ಅವರ ಕಣ್ಣು ತಪ್ಪಿಸಿ ಅಚ್ಚಿಗೆ ಹೋಗಿದೆ.

ಉಳಿದಂತೆ ವಿಶೇಷವೇನಿಲ್ಲ. ಮುಖಗವಸು ಹಾಕಿಕೊಂಡು ಲಿಫ್ಟಿನಲ್ಲಿ ನಿಂತರೆ ಜನ ಮುಂದಿನದಕ್ಕೆ ಕಾಯುತ್ತಾರೆ. ನನಗೇನೋ ಅಂಟುರೋಗವೆಂದು ಅವರ ಭಯ. ಅವರ ನೆಗಡಿ ಅಂಟೀತೆಂದು ನನ್ನ ಭಯ. ಸಹೋದ್ಯೋಗಿಗಳು ಒಳ್ಳೆಯವರು, ತಮಗೆ ಒಂದು ಸೀನು ಬಂದರೂ ದೂರದಿಂದಲೇ ಕೈ ಬೀಸಿ ಹೋಗುತ್ತಾರೆ. ಅವರ ಒಳ್ಳೆಯತನದಿಂದಾಗಿ ನನ್ನ ಸುತ್ತ ಆರು ಕುರ್ಚಿ ಖಾಲಿ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದ ತನಕ ನನ್ನ ದನಿ ನನಗೇ ಕೇಳಿಸುವುದಿಲ್ಲ. ಮೊನ್ನೆ ನೀರಿನ ಮೀಟರ್ ನೋಡಲು ಬಂದವನನ್ನು ಹಿಡಿದು ನಿಲ್ಲಿಸಿ ಮೀಟರಿನ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿದೆ. “ಇನ್ನೂ ಹನ್ನೊಂದು ಮನೆ ಇದೆ ಸಾರ್” ಎಂದ. ಬಿಟ್ಟೆ. ನಿನಗೆ ಬರೆಯುವುದೇ ನನ್ನ ವಾರದ ಮಾತುಕತೆ. ಈ ಮೂರು ವಾರ ಅದೂ ಇರಲಿಲ್ಲ.

ಭಾವನಿಗೆ ನಮಸ್ಕಾರ. ನಿನ್ನ ಮಗಳಿಗೆ ಪರೀಕ್ಷೆ ಸುಸೂತ್ರವಾಗಲಿ, ಸೋದರಮಾವನ ಹಾಗೆ ಗಣಿತದ ಹಾಳೆಯಲ್ಲಿ ಪದ್ಯ ಬರೆಯದಿರಲಿ. ನಿನ್ನಲ್ಲಿ ಉಳಿದಿರುವ ಇನ್ನೊಂದು ಕಿಡ್ನಿ ನೂರು ವರ್ಷ ಗಟ್ಟಿಯಾಗಿರಲಿ. ಚಿಕ್ಕವನು ದೊಡ್ಡವರನ್ನು ಹರಸಬಾರದೇನೋ, ಹರಸಿಯಾಯಿತು.

ನಿನ್ನ
ಪ್ರಾಸಪ್ಪ

ಮರೆತು ಉಳಿದ ಮಾತಲ್ಲ, ಬರೆಯಲಾಗದೆ ಉಳಿದದ್ದು: ಈ ಸೊಟ್ಟಂಬಟ್ಟ ಅಕ್ಷರ ನೋಡಿ ಮೊದಲ ಸಾಲಿಗೇ ನೀನು ಗಾಬರಿಯಾಗಿರುತ್ತೀಯ. ಮಾತ್ರೆ ನುಂಗಿದರೆ ನನ್ನ ಕೈ ನಡುಗುತ್ತದೆ. ಎರಡು ವರ್ಷದ ಹಿಂದೆ ಇಂಥದೇ ಅಕ್ಷರ ನೋಡಿ ನೀನು ಫೋನಿನಲ್ಲಿ ಅತ್ತುಬಿಟ್ಟೆಯಲ್ಲ, “ನಾನು ಕೊಟ್ಟಿದ್ದೇ ಸರಿ ಇಲ್ವೇನೋ, ಅದಕ್ಕೇ ನಿನಗೆ ಹೀಗಾಗ್ತಿದೆ” ಎಂದು. ಔಷಧದ ಗುಣ ಎಂದರೂ ನಂಬಲಿಲ್ಲ. ಆಮೇಲಿನಿಂದ ಶನಿವಾರ ಬೆಳಗಾದರೆ ಮಾತ್ರೆ ಮುಟ್ಟುತ್ತಿರಲಿಲ್ಲ. ಭಾನುವಾರ ನಿನ್ನ ಪತ್ರ ಮುಗಿದ ಮೇಲೆಯೇ ನುಂಗುತ್ತಿದ್ದೆ. ಕೈ ನಿಲ್ಲುತ್ತಿತ್ತು. “ಅಕ್ಷರ ಮುತ್ತಿನ ಹಾಗಿದೆ, ಈಗ ನನಗೆ ನೆಮ್ಮದಿ” ಎಂದು ನೀನು ಬರೆದೆ. ಅಕ್ಕ, ಆ ಮುತ್ತುಗಳನ್ನೆಲ್ಲ ನಾನು ಕೊಂಡದ್ದು ನೀನು ಕೊಟ್ಟದ್ದನ್ನು ತೆತ್ತು.

ಮಂಗಳವಾರ ಡಾಕ್ಟರಮ್ಮನಿಗೂ ಹೇಳುತ್ತೇನೆ. ನಿನ್ನೆ, ಇವತ್ತು ಒಂದನ್ನೂ ಬಿಟ್ಟಿಲ್ಲ. ಓದಲು ತೊಡಕಾದರೆ ಭಾವನ ಕೈಗೆ ಕೊಡಬೇಡ. ನಿಧಾನವಾಗಿ ನೀನೇ ಓದು.