ಜರ್ಯಾಳಿಗೆ ಹೇಳುವ ಮಾತು

ಪಿನೆಗಾ ನದಿಯ ದಂಡೆ,
ಸೆಪ್ಟೆಂಬರ್ 12, 1998

ಪ್ರೀತಿಯ ತಯಿಸ್ಯಾ,

'ಜರ್ಯಾ, ಚೆಲುವೆ, ಬೆಳಗಿನ ಕನ್ಯೆ, ಈ ಅಳುವನ್ನು ಒಯ್ದು...' ಎಲ್ಲಿಗೆ ಒಯ್ಯಬೇಕು? ಕಾಡಿನಾಚೆಗೋ, ನದಿಯಾಚೆಗೋ? ಮಕ್ಕಳ ಅಳು ನಿಲ್ಲಿಸಲು ಮುಂಬೆಳಗಿಗೆ ಹೇಳುವ ಈ ಮಂತ್ರದಲ್ಲಿ ಅಮ್ಮ ನದಿ ಎನ್ನುತ್ತಿದ್ದಳೆಂದು ನನ್ನ ನೆನಪು. ಆದರೆ ಕಿವಿಗೆ ಇಂಪಾದದ್ದೇ ನಿಜವೆಂದು ನೆನಪು ಹಟ ಹಿಡಿಯುತ್ತದೆ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀ. ಅಮ್ಮ ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿಯಿತು. ಮೀನಿನ ಹೂರಣದ ರೊಟ್ಟಿಗೆ ಉಪ್ಪು ಹೆಚ್ಚಾಗಿತ್ತು, ಎಲ್ಲರೂ ತಿಂದರು.

ಪಕ್ಕದ ಮನೆಯ ಆಗ್ನಿಯಾಳ ಮೊಮ್ಮಗಳಿಗೆ ಮೂರು ತಿಂಗಳು. ಹತ್ತು ದಿನದಿಂದ ನಿದ್ದೆಯಿಲ್ಲದೆ ಅಳುತ್ತಿದೆ. ದಾದಿ ಬಂದು ನೋಡಿ, ಕಾಯಿಲೆ ಏನಿಲ್ಲ ಎಂದು ಹೋದಳಂತೆ. ಮೊನ್ನೆ ಆಗ್ನಿಯಾ ಬಂದಳು.

"ವಾರ್ಯಾ, ಮಗು ಮಲಗಿಸೋ ಆ ಮಾತು ನಾಳೆ ಬೆಳಿಗ್ಗೆ ನೀನೇ ಹೇಳ್ಬೇಕು ಕಣೇ. ನಿಮ್ಮಮ್ಮ ಅದನ್ನ ನಿನಗಲ್ದೆ ಇನ್ಯಾರಿಗೂ ಕೊಟ್ಟಿಲ್ಲ."

"ಪೂರ್ತಿ ನೆನಪಿಲ್ಲ ಅತ್ತೆ."

"ಓದಿದೋಳಲ್ವೇನೇ? ಕಂಡೋರ ಪದ್ಯ ಎಲ್ಲ ಬಾಯಿಗೆ ಬರುತ್ತೆ, ಹೆತ್ತೋಳ್ದು ಬರಲ್ವಾ?"

ಅವಳ ಸೊಸೆ ಲಿಡಾ ಹಿಂದೆ ನಿಂತಿದ್ದಳು, ಕಣ್ಣು ಬಾತುಹೋಗಿದ್ದವು. ಒಪ್ಪಿದೆ. ನಿನ್ನೆ ಬೆಳಿಗ್ಗೆ ಕೋಳಿಗೂಡಿನ ಬಳಿ ಮಗುವನ್ನೆತ್ತಿಕೊಂಡು ಪೂರ್ವಕ್ಕೆ ಮುಖಮಾಡಿ ನಿಂತೆ. ಇಬ್ಬನಿ ಹೆಪ್ಪುಗಟ್ಟಿದ ಹುಲ್ಲು, ಕಾಡಿನ ನೆತ್ತಿಯಲ್ಲಿ ಒಂದು ಕೆಂಪು ಗೆರೆ. ನೆನಪಿದ್ದಷ್ಟನ್ನು ಮೂರು ಸಲ ಹೇಳಿದೆ. ಅನುಮಾನವಿದ್ದ ಕಡೆ ನದಿ ಎಂದೆ. ಜರ್ಯಾ ಕೇಳಿಸಿಕೊಂಡಳೋ ಇಲ್ಲವೋ, ಹುಂಜ ಕೇಳಿಸಿಕೊಂಡಿತು. ಮಗು ಇನ್ನೂ ಜೋರಾಗಿ ಅತ್ತಿತು. ಈಗಲೂ ಬೇಲಿಯಾಚೆಯಿಂದ ಕೇಳಿಸುತ್ತಿದೆ.

ಇಂಥ ಮಂತ್ರಗಳ ಮೇಲೆ ಓದುವಾಗ ಬರೆದ ನನ್ನ ಪ್ರಬಂಧ ನಿನ್ನ ಕಪಾಟಿನಲ್ಲಿದೆ. ಎಪ್ಪತ್ತನೆಯ ಪುಟದ ಆಸುಪಾಸು ಹುಡುಕಿ, ಆ ಸಾಲುಗಳನ್ನು ಕೂಡಲೇ ಬರೆದು ಕಳುಹಿಸು.

ಮಕ್ಕಳಿಗೆ ಒಳ್ಳೆಯದಾಗಲಿ. ಚಳಿ ಬಲಿಯುವ ಮೊದಲು ನಿನ್ನ ಕೆಮ್ಮು ವಾಸಿಯಾಗಲಿ.

ನಿನ್ನ ಅಕ್ಕ,
ವಾರ್ವಾರಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಆ ಪ್ರಬಂಧಕ್ಕಾಗಿ ಅಮ್ಮನಿಂದ ಮಾತುಗಳನ್ನು ಬರೆದುಕೊಂಡಾಗ ನನಗೆ ಇಪ್ಪತ್ತಮೂರು. ಒಬ್ಬರಿಗೆ ಪೂರ್ತಿ ಹೇಳಿಕೊಟ್ಟ ಮೇಲೆ, ಕೊಟ್ಟವರ ಬಾಯಲ್ಲಿ ಅದರ ಶಕ್ತಿ ಉಳಿಯುವುದಿಲ್ಲ ಎಂಬ ನಂಬಿಕೆಯನ್ನು ಅಡಿಟಿಪ್ಪಣಿಯಲ್ಲಿ ನಾನೇ ದಾಖಲಿಸಿದ್ದೆ. ಅದು ಅಮ್ಮನ ವಿಷಯವೂ ಹೌದೆಂದು ಹೊಳೆದಿರಲಿಲ್ಲ. ಈಗ ತಾನೇ ಆಗ್ನಿಯಾ ಹಾಲು ಕೊಡಲು ಬಂದಿದ್ದಳು. ನನ್ನಿಂದ ಆಗಲಿಲ್ಲ, ಕ್ಷಮಿಸಿ ಎಂದೆ. ಅವಳು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು: "ನಿನಗೆ ಕೊಟ್ಟ ಮೇಲೆ ನಿಮ್ಮಮ್ಮನ ಮಾತಿಗೂ ಒಂದು ಮಗು ಮಲಗಲಿಲ್ಲ ಕಣೇ. ನಾವು ಬಾಯಿಬಿಡಲಿಲ್ಲ. ಪ್ರತಿ ಸಲ ಕರೆದ್ವಿ, ಪ್ರತಿ ಸಲ ಬಂದ್ಳು. ಅವಳಿಗೂ ಗೊತ್ತಿತ್ತು."