ಮೂರನೇ ಫಲಕದ ಬೆಣೆ

ಮಾರ್ಚ್ 4, ಗುರುವಾರ

ಇವತ್ತು ಗ್ಯಾಲರಿಯ ಕಲಾಕೃತಿಗಳಿಗೆ ನಾಲ್ಕು ಲೇಬಲ್ ಬರೆದು ಮುಗಿಸಿದೆ. ಒಂದಕ್ಕೆ ಅರವತ್ತು ಪದ. ಒಂದು ಹೆಚ್ಚಾದರೂ ಡೈರೆಕ್ಟರ್ ಮೇಡಂ ಕೆಂಪು ಗೆರೆ ಎಳೆಯುತ್ತಾರೆ. ಐದನೆಯದು ಅಂಗಳದ ಹೊಸ ಶಿಲ್ಪದ್ದು. ನಾಳೆ ಬೆಳಿಗ್ಗೆಗೆ ಬೇಕಂತೆ.

ಮೂರು ಉಕ್ಕಿನ ಫಲಕ, ಎರಡು ಮಹಡಿಯೆತ್ತರ. ಬೆಸುಗೆ ಇಲ್ಲ, ಬೋಲ್ಟ್ ಇಲ್ಲ. ಒಂದಕ್ಕೊಂದು ಒರಗಿ ನಿಂತಿವೆ, ನಡುವೆ ಜನ ಓಡಾಡಬಹುದು. ಮಾಡಿದವರು ಹೋದ ವರ್ಷ ತೀರಿಕೊಂಡರು.

ಐದು ದಿನದಿಂದ ಅದನ್ನು ನಿಲ್ಲಿಸುತ್ತಿದ್ದ ಕ್ರೇನ್ ತಂಡದ ಮೇಸ್ತ್ರಿ ನನ್ನ ಸೋದರಮಾವ. ಅಪ್ಪ ಹೋದ ಮೇಲೆ ನಾನೂ ಅಮ್ಮನೂ ಇರುವುದು ಅವರ ಮನೆಯಲ್ಲೇ. ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ನಾಚಿಕೆಯಿಂದಲ್ಲ... ಅಲ್ಲ ಅಂತ ಬರೆದ ಮೇಲೆ ಅನುಮಾನ ಬರುತ್ತಿದೆ.

ಸಂಜೆ 5.30

ಎಲ್ಲರೂ ಹೋದ ಮೇಲೆ ಒಬ್ಬಳೇ ನೋಡಿ ಬಂದೆ. ಫಲಕಗಳ ನಡುವೆ ನಿಂತಾಗ ಉಸಿರು ತಾನಾಗಿ ಸಣ್ಣದಾಯಿತು. ಮೂರನೇ ಫಲಕದ ಬುಡದಲ್ಲಿ ಮುಷ್ಟಿಯಷ್ಟು ಮರದ ಬೆಣೆ. ಸುತ್ತ ತುಕ್ಕಿನ ಬಣ್ಣ, ಅದೊಂದು ಮಾತ್ರ ಹಸಿ ಹಳದಿ. ಅಲ್ಲೇ ಕೂತು ಬರೆದೆ— ಉಕ್ಕಿನ ಅಹಂಕಾರವೆಲ್ಲ ಕೊನೆಗೆ ಒಂದು ಮರದ ಚೂರಿನ ದಯೆಯಲ್ಲಿದೆ, ಕಲಾವಿದರ ಕೊನೆಯ ಮಾತು ಈ ಬೆಣೆಯೇ ಎಂದು. ಸರಿಯಾಗಿ ಅರವತ್ತು ಪದ.

ಯಾರನ್ನಾದರೂ ಕೇಳಬಹುದಿತ್ತು. ಕೇಳುವುದೆಂದರೆ ಬಾಯಿ ತೆರೆಯಬೇಕು.

ಮಾರ್ಚ್ 5

ಮೇಡಂ ಎರಡು ಸಲ ಓದಿದರು. "ಈ ಬೆಣೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲೇ!" ಕಲಾವಿದರ ಹಳೇ ನಕ್ಷೆಯಲ್ಲಿ ಬೆಣೆ ಇಲ್ಲ ಅಂತ ಅವರ ಸಹಾಯಕರು ಗೊಣಗಿದರು. "ದೊಡ್ಡ ಕಲಾವಿದರು ಸಾಯೋವರೆಗೂ ತಿದ್ದುತ್ತಾರೆ" ಅಂದರು ಮೇಡಂ.

ಉದ್ಘಾಟನೆ. ವಿಮರ್ಶಕರೊಬ್ಬರು ಬೆಣೆಯ ಮೇಲೇ ಹತ್ತು ನಿಮಿಷ ಮಾತಾಡಿದರು. ಹಿಂದಿನಿಂದ ಒಬ್ಬ ಮುದುಕರು, "ತುಕ್ಕು ಹಿಡಿದ ತಗಡು. ಇದ್ಯಾವ ಕಲೆ ಸ್ವಾಮಿ?"

"ನೀವು ತಗಡು ನೋಡ್ತಿದ್ದೀರಿ. ನಾನು ಭಾರ ನೋಡ್ತಿದ್ದೀನಿ" ಅಂದರು ವಿಮರ್ಶಕರು.

"ಭಾರ ನೋಡೋಕೆ ನಮ್ಮನೆ ಬೀರು ಸಾಲದಾ? ಬಾಗಿಲಾದ್ರೂ ತೆಗೆಯುತ್ತೆ."

ಎಲ್ಲರೂ ನಕ್ಕರು, ನಾನೂ. ಹೊರಡುವಾಗ ಮೇಡಂ ಕರೆದು ಹೇಳಿದರು: ಪ್ರೊಬೇಷನ್ ಮುಗಿಯಿತು ಅಂದುಕೋ, ತಿಂಗಳ ಕೊನೆಗೆ ಆರ್ಡರ್. ನಂಬಲಾಗುತ್ತಿಲ್ಲ.

ಮಾರ್ಚ್ 8, ಸೋಮವಾರ

ಊಟಕ್ಕೆ ಕೂತಾಗ ಮಾವ ಕೆಮ್ಮು ಬರುವಷ್ಟು ನಕ್ಕರು.

"ಆ ಬೆಣೆ ನಂದು ಕಣೇ! ಪ್ಯಾಕಿಂಗ್ ಪೆಟ್ಟಿಗೆ ತುಂಡು. ಅಲ್ಲಿ ನೆಲ ಒಂದು ಬೆರಳು ತಗ್ಗು. ಉಕ್ಕಿನ ಪಟ್ಟಿ ಕೊಯ್ಸಿ ತರೋವರೆಗೆ ಇರಲಿ ಅಂತ ಬಡಿದಿದ್ದು. ಇವತ್ತು ಪಟ್ಟಿ ತಗೊಂಡು ಹೋದ್ರೆ ಗಾರ್ಡ್ ನಿನ್ನ ಲೇಬಲ್ ತೋರಿಸ್ತಾನೆ. ಮುಟ್ಟಂಗಿಲ್ಲವಂತೆ!"

"ಹಾಗಾದ್ರೆ ಕೆಳಗೆ ನಿನ್ನ ಹೆಸರೂ ಹಾಕಿಸು" ಅಂದಳು ಅಮ್ಮ.

"ಹ್ಞೂಂ. ಇನ್ನು ಕಲಾವಿದನ್ನ ಪಾತ್ರೆ ತೊಳಿ ಅನ್ಬೇಡಿ."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಮಾವ ನಗು ನಿಲ್ಲಿಸಿದರು. "ಹಸಿ ಮರ. ಒಣಗುತ್ತೆ, ಕುಗ್ಗುತ್ತೆ. ನಾಳೆನೇ ಹೇಳಿ ಬದಲಾಯಿಸು."

"ಬೀಳುತ್ತಾ?"

"ಒಂಬತ್ತು ಟನ್ನು. ನಿನ್ನ ಅರವತ್ತು ಪದದಲ್ಲಿ ಅದನ್ನ ಬರೀಲಿಲ್ವಾ?"

ಕೈ ತೊಳೆಯುತ್ತಾ ಇನ್ನೊಂದು ಮಾತು ಹೇಳಿದರು. "ಮೂರನೇದು ಒರಗಿ ನಿಂತಿತಲ್ಲ, ಆಗ ನಮ್ಮ ತಂಡದವರೆಲ್ಲ ಕೆಲಸ ಬಿಟ್ಟು ಮೇಲೆ ನೋಡಿದ್ರು. ಕ್ರೇನ್‌ನವನು ಇಂಜಿನ್ ಆಫ್ ಮಾಡಿಬಿಟ್ಟ. ಅದು ಕಲೆನೋ ಏನೋ ನನಗೆ ಗೊತ್ತಿಲ್ಲ. ಬೆಣೆಯಂತೂ ಕಲೆ ಅಲ್ಲ."

ಮಾರ್ಚ್ 9

ಹೇಳಲಿಲ್ಲ. ಮೇಡಂ ಮೀಟಿಂಗ್‌ನಲ್ಲಿದ್ದರು. ಮೀಟಿಂಗ್ ನಾಲ್ಕಕ್ಕೆ ಮುಗಿಯಿತು, ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 10

ಮಾವನೇ ಬಂದರು. ಇಸ್ತ್ರಿ ಮಾಡಿದ ಶರ್ಟು. ಮೇಡಂ ಕೂರಲು ಹೇಳಲಿಲ್ಲ.

"ಬೆಣೆ ನಾನು ಹಾಕಿದ್ದು, ಮೇಡಂ. ಅದು ತಾತ್ಕಾಲಿಕ."

"ಪೇಪರಿನಲ್ಲಿ ಫೋಟೋ ಬಂದ ಮೇಲೆ ಎಲ್ಲರೂ ಹಕ್ಕುದಾರರೇ. ಎಂಜಿನಿಯರ್ ಸಹಿ ಇದೆ, ಕ್ಯಾಟಲಾಗಿನ ಮುಖಪುಟದಲ್ಲೂ ಬೆಣೆ ಇದೆ. ನೀವು ನಿಲ್ಲಿಸೋರು. ಅರ್ಥ ಹೇಳೋದು ನಮಗೆ ಬಿಡಿ."

ನಾನು ಫೈಲ್ ಹಿಡಿದು ಪಕ್ಕದಲ್ಲೇ ಇದ್ದೆ. ಮಾವ ನನ್ನ ಕಡೆ ನೋಡಿದರು. ಕಾದರು. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ.

ಹೊರಟುಹೋದರು. ನಾನು ಯಾರು ಅಂತ ಅವರೂ ಹೇಳಲಿಲ್ಲ.

ಮಾರ್ಚ್ 19

ಒಂಬತ್ತು ದಿನ ಒಂದೇ ಮನೆಯಲ್ಲಿ ಮಾತಿಲ್ಲ. ಉಪ್ಪು ಬೇಕಾದರೂ ಅಮ್ಮನ ಮೂಲಕ.

ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಮಾವ ನನ್ನ ಕೈಗೆ ಒಂದು ಚಪ್ಪಟೆ ಪೆನ್ಸಿಲ್ ಇಟ್ಟರು. "ಬೆಣೆ ತುದಿಗೆ ನೆಲದ ಮೇಲೆ ಗೆರೆ ಎಳಿ. ದಿನಾ ನೋಡು. ಗೆರೆ ದಾಟಿದ್ರೆ ನನಗೆ ಹೇಳ್ಬೇಡ, ನಿಮ್ಮ ಮೇಡಂಗೆ ಹೇಳು. ನಾನು ಹೇಳಿದ್ರೆ ಅದು ಮೇಸ್ತ್ರಿ ಮಾತು. ಬರೆದವಳು ನೀನು. ತಪ್ಪು ಬರೆದೆ ಅಂದ್ರೆ ನಂಬ್ತಾರೆ."

ಗೆರೆ ಎಳೆದೆ.

ಮಾರ್ಚ್ 23

ಬೆಣೆ ಗೆರೆಯಿಂದ ಹೊರಗೆ ಬಂದಿದೆ. ಬೆಂಕಿಕಡ್ಡಿಯ ದಪ್ಪದಷ್ಟು. ನನ್ನ ಗೆರೆಯೇ ಸೊಟ್ಟಗಿರಬಹುದು.

ಸೊಟ್ಟಗಿಲ್ಲ.

ಮೇಡಂಗೆ ಪತ್ರ ಬರೆದೆ. ಒಳ್ಳೆಯ ಪತ್ರ. ಎರಡನೇ ಪ್ಯಾರಾ ತಿದ್ದುತ್ತಾ ಕೂತೆ, ಅಷ್ಟರಲ್ಲಿ ಅವರು ಮನೆಗೆ ಹೋಗಿದ್ದರು. ಎಂ.ಎ.ಯಲ್ಲಿ ಕಲಿತಿದ್ದು ಇದೊಂದೇ ಇರಬೇಕು, ತಿದ್ದುತ್ತಾ ಕೂರುವುದು.

ಮಾರ್ಚ್ 26

ಎರಡು ಕಡ್ಡಿ.

ಮೇಡಂ ಆರ್ಡರ್ ಕೈಗೆ ಕೊಟ್ಟರು. ಕೆಲಸ ಖಾಯಂ. ಅದೇ ಉಸಿರಿನಲ್ಲಿ: "ಭಾನುವಾರ ಮುಟ್ಟಿ ನೋಡುವ ದಿನ. ಕಣ್ಣು ಕಾಣದವರ ಸಂಘದಿಂದ ಇಪ್ಪತ್ತೆರಡು ಜನ ಬರ್ತಾರೆ. ನಿನ್ನ ಲೇಬಲ್ ನೀನೇ ಓದು. ಒಬ್ಬೊಬ್ಬರ ಕೈಯನ್ನೂ ಆ ಬೆಣೆ ಮೇಲೆ ಇಡಿಸು. ಚೆನ್ನಾಗಿರುತ್ತೆ."

"ಮೇಡಂ—" ಅಂದೆ.

"ಥ್ಯಾಂಕ್ಸ್ ಎಲ್ಲ ಬೇಡ. ಹೋಗು."

ಮಾರ್ಚ್ 28, ಭಾನುವಾರ. ಬೆಳಿಗ್ಗೆ 8.40

ಬೆಣೆಯನ್ನು ಬೆರಳಿನಲ್ಲಿ ತಳ್ಳಿದೆ. ಅಲುಗಿತು. ಅದು ಒಣಗಿ ಕುಗ್ಗಿದೆ, ಈಗ ಏನನ್ನೂ ಹೊತ್ತಿಲ್ಲ. ಸುಮ್ಮನೆ ಅಲ್ಲಿದೆ, ನನ್ನ ಹಾಗೆ.

ಫೋನ್ ಮಾಡಿದೆ. ಮಾವ ಆಗಲೇ ಗೇಟಿನಾಚೆ ನಿಂತಿದ್ದರು— ಉಕ್ಕಿನ ಪಟ್ಟಿ, ಜ್ಯಾಕ್, ಇಬ್ಬರು ಆಳು. ಏಳು ಗಂಟೆಯಿಂದಲೂ ಅಲ್ಲೇ ಇದ್ದರಂತೆ. ಗಾರ್ಡ್ ಒಳಗೆ ಬಿಟ್ಟಿರಲಿಲ್ಲ.

"ಬಿಡಿ" ಅಂದೆ. "ಅವರು ನನ್ನ ಸೋದರಮಾವ." ಇಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿಲ್ಲ. ಗಾರ್ಡ್ ಗೇಟು ತೆರೆದ. ಮಾವ ನನ್ನ ಪಕ್ಕದಲ್ಲೇ ದಾಟಿ ಹೋದರು. ಹೋಗುವಾಗ ತಲೆಯ ಮೇಲೆ ಒಂದು ಮೊಟಕು.

8.55

ಸುತ್ತ ಹಗ್ಗ ಕಟ್ಟಿದೆವು. ಲೇಬಲ್ ಕಿತ್ತು ಈ ಪುಟದೊಳಗೆ ಇಟ್ಟಿದ್ದೇನೆ. ಗೋಡೆಯಲ್ಲಿ ನಾಲ್ಕು ಅಂಟಿನ ಕಲೆ. ಗೇಟಿನ ಬಳಿ ವ್ಯಾನು ನಿಂತಿತು. ಒಂದೊಂದಾಗಿ ಊರುಗೋಲುಗಳು ಕಲ್ಲಿಗೆ ತಾಗುವುದು ಕೇಳುತ್ತಿದೆ. ಮೇಡಂ ಮೆಟ್ಟಿಲಿಳಿದು ಬರುತ್ತಿದ್ದಾರೆ, ಹಗ್ಗ ನೋಡಿದರು, ಮಾವನನ್ನು ನೋಡಿದರು. ಎದುರಿಗೆ ಬಂದಾಗ ಮಾತು ಮರೆಯಬಾರದೆಂದು ಇಲ್ಲೇ ಬರೆದುಕೊಳ್ಳುತ್ತೇನೆ, ನೋಡಿಕೊಂಡಾದರೂ ಓದಿಬಿಡುತ್ತೇನೆ:

ಮೇಡಂ, ಆ ಬೆಣೆಯ ಬಗ್ಗೆ ಬರೆದದ್ದೆಲ್ಲ ನಾನೇ ಊಹಿಸಿ—